ಕೊನೆಯ ಸಾಲನ್ನು ಮೊದಲೇ ಬರೆದವರು

ವಾಶಿ
ಜುಲೈ 14, 2025

ಮಾನ್ಯ ರಮಾಕಾಂತ ಸರ್,

ನಾನು ಅಶ್ಮಿತಾ. ನೀವು ನಿವೃತ್ತರಾದ ಮೇಲೆ ನಿಮ್ಮ ಆಪರೇಟಿಂಗ್ ಸಿಸ್ಟಮ್ ಪೇಪರು ನನ್ನ ಪಾಲಿಗೆ ಬಂದಿದೆ. ಬೀಳ್ಕೊಡುಗೆಯ ದಿನ ನಿಮಗೆ ಹೂಗುಚ್ಛ ಕೊಟ್ಟವಳು ನಾನೇ. ನೀವು ಅದನ್ನು ಕುರ್ಚಿಯ ಮೇಲೆಯೇ ಬಿಟ್ಟು ಹೋದಿರಿ.

ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ವಿಭಾಗದ ಮೇಲ್‌ಗಳನ್ನೆಲ್ಲ ಮುಖ್ಯಸ್ಥೆ ಸೋನಾಲಿ ಮೇಡಮ್ ಓದುತ್ತಾರೆ. ನಮ್ಮಿಬ್ಬರಿಗೆ ಬಂದು ಅವರಿಗೆ ಬಾರದ ಭಾಷೆ ಇದೊಂದೇ. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ, ಅಪ್ಪನ ಊರು ಕಾಪು. ಮನೆಯಲ್ಲಿ ಮಾತು ತುಳು, ಅಜ್ಜಿ ಉಮಾವತಿ ಹಟ ಹಿಡಿದು ಕಲಿಸಿದ ಅಕ್ಷರ ಕನ್ನಡ. ತಪ್ಪಿದ್ದರೆ ತಿದ್ದಿ.

ವಿಷಯ ಇಷ್ಟು. ಈ ಪೇಪರಿನ ಲಿಖಿತ ಪರೀಕ್ಷೆಯನ್ನು ಕೈಬಿಟ್ಟು, ವಿದ್ಯಾರ್ಥಿಗಳೇ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್‌ನ ಒಳಗೆ ಕೈ ಹಾಕಿ, ಅದರ ಭಾಗಗಳನ್ನು ಬರೆದು ಓಡಿಸಿ ತೋರಿಸುವ ಪರೀಕ್ಷೆ ಇಡಬೇಕೆಂದು ಕೇಳಿದ್ದೇನೆ. ಅಕ್ಟೋಬರ್‌ನಲ್ಲಿ ಪಠ್ಯಸಮಿತಿಯ ಸಭೆಯಿದೆ. ಇಷ್ಟು ವರ್ಷ ಈ ಪೇಪರು ಕಲಿಸಿದ ನಿಮ್ಮ ಲಿಖಿತ ಅಭಿಪ್ರಾಯ ಇಲ್ಲದೆ ಕಡತ ಮುಂದೆ ಹೋಗುವುದಿಲ್ಲವಂತೆ. ಸಮಿತಿ ಒಪ್ಪದಿದ್ದರೆ ಹಳೆಯ ಪ್ರಶ್ನೆಗಳೇ ಗತಿ, ಮತ್ತು ನನ್ನ ಕೆಲಸದ ಕರಾರೂ ಮುಂದುವರಿಯುವುದಿಲ್ಲ. ಮೇಡಮ್ ನಗುತ್ತಲೇ ಹೊಣೆಯನ್ನೆಲ್ಲ ನನ್ನ ಮೇಲೆ ಹಾಕಿದ್ದಾರೆ: "ಎಕ್ಸ್‌ಪೆರಿಮೆಂಟ್ ಕರನಾ ಹೈ ತೋ ಕರೋ ಅಶ್ಮಿತಾ, ಪಣ್ ಅಪ್ನೇ ರಿಸ್ಕ್ ಪೇ."

ಅಭ್ಯಾಸಗಳ ಕೊಂಡಿ ಕೆಳಗಿದೆ. ಯಾರು ಬೇಕಾದರೂ ಒಂದು ಹೆಸರು ಕೊಟ್ಟು ಉತ್ತರ ಸಲ್ಲಿಸಬಹುದು. ಪಾಸೋ ಫೇಲೋ ಯಂತ್ರವೇ ಹೇಳುತ್ತದೆ. ದಯವಿಟ್ಟು ಒಮ್ಮೆ ನೋಡಿ.

ಗೌರವದಿಂದ,
ಅಶ್ಮಿತಾ


ಡೊಂಬಿವಲಿ
ಜುಲೈ 22, 2025

ಅಶ್ಮಿತಾ ಅವರಿಗೆ,

ಆ ಹೂಗುಚ್ಛದಲ್ಲಿ ಹೂವಿಗಿಂತ ಪ್ಲಾಸ್ಟಿಕ್ ಹೆಚ್ಚಿತ್ತು. ನಿಮ್ಮ ಪ್ರಸ್ತಾಪವೂ ಹಾಗೆಯೇ ಇದೆ.

ಕೈ ಹಾಕಿ ಕಲಿಯುವುದು ಮೆಕ್ಯಾನಿಕ್ಕುಗಳ ದಾರಿ. ನಾನಿರುವುದು ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ. ಬೆಳಗಿನ ಗಾಳಿ ಮೂಸಿಯೇ ಯಾವ ಕಾರ್ಖಾನೆ ಇವತ್ತು ಏನು ಬಿಟ್ಟಿದೆ ಎಂದು ಹೇಳಬಲ್ಲೆ. ಅದಕ್ಕಾಗಿ ಕೊಳವೆಯೊಳಗೆ ತಲೆ ತೂರಿಸಬೇಕಾಗಿಲ್ಲ. ನನ್ನ ವಿದ್ಯಾರ್ಥಿಗಳು ಡೆಡ್‌ಲಾಕ್ ಆಗಲು ಬೇಕಾದ ಷರತ್ತುಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದರು. ನಿಮ್ಮವರು ಎಚ್ಚರವಿದ್ದಾಗ ಏನು ಹೇಳುತ್ತಾರೆ? ಯಂತ್ರ ಹಸಿರು ತೋರಿಸಿತು ಮ್ಯಾಮ್, ಅಷ್ಟೇ ತಾನೆ?

ನನ್ನ ಹೆಂಡತಿ ರುಕ್ಮಿಣಿ ನಿಮ್ಮ ಪತ್ರ ಓದಿ, "ಪಾಪ, ಎಷ್ಟು ಚೆನ್ನಾಗ್ ಬರ್ದಿದಾಳೆ ಕಣ್ರೀ ಹುಡುಗಿ. ಒಂದ್ ಸೈನ್ ಹಾಕಿ ಕಳ್ಸಿಬಿಡಿ, ನಿಮ್ಮ ಗಂಟೇನ್ ಹೋಗುತ್ತೆ?" ಎಂದಳು. ಇಂಥ ದಯಾಳುಗಳಿಂದಲೇ ನಮ್ಮ ಕಾಲೇಜುಗಳು ಈ ಗತಿಗೆ ಬಂದದ್ದು.

ಫೋನು ಮಾಡಬೇಡಿ. ಫೋನಿನಲ್ಲಿ ಜನ ಸುಮ್ಮನೆ ಒಪ್ಪಿಬಿಡುತ್ತಾರೆ. ಬರುತ್ತೇನೆಂದೂ ಹೇಳಬೇಡಿ, ನಾನೂ ಬರುವುದಿಲ್ಲ. ಡೊಂಬಿವಲಿಗೂ ವಾಶಿಗೂ ನಡುವೆ ರೈಲು ಬದಲಿಸಲು ಹತ್ತಿ ಇಳಿಯಬೇಕಾದ ಥಾಣೆ ಸ್ಟೇಷನ್ನಿನ ಸೇತುವೆಯಿದೆ, ನನ್ನ ಮಂಡಿಗೆ ಅದು ಆಗದು.

ರಮಾಕಾಂತ


ವಾಶಿ
ಆಗಸ್ಟ್ 5, 2025

ಸರ್,

ಎಚ್ಚರವಿದ್ದಾಗ ಏನು ಹೇಳುತ್ತಾರೆಂದು ಕೇಳಿದಿರಲ್ಲ, ತಿಳಿಸುತ್ತೇನೆ.

ಮಯೂರ್ ಎಂಬ ಹುಡುಗನಿದ್ದಾನೆ, ನಿಮ್ಮ ಕೊನೆಯ ಬ್ಯಾಚಿನವನು. ನಿಮ್ಮ ಪೇಪರಿನಲ್ಲಿ ಫೇಲಾಗಿ ಕೆಟಿ ಉಳಿಸಿಕೊಂಡು ಈಗ ನನ್ನ ತರಗತಿಯಲ್ಲಿ ಮತ್ತೆ ಕೂರುತ್ತಾನೆ. ಮೊದಲ ಅಭ್ಯಾಸ ಸಲ್ಲಿಸಿದ. ಫೈಲಿನ ತಲೆಯಲ್ಲಿ ಉದ್ದೇಶ, ಅದರ ಕೆಳಗೆ ಸಿದ್ಧಾಂತ, ಅದರ ಕೆಳಗೆ ಪ್ರೋಗ್ರಾಮು. ಎಲ್ಲದರ ಕೊನೆಗೆ, "ಕನ್‌ಕ್ಲೂಷನ್: ಹೀಗೆ ನಾವು ಪ್ರೋಸೆಸ್ ಶೆಡ್ಯೂಲಿಂಗನ್ನು ಯಶಸ್ವಿಯಾಗಿ ಅಧ್ಯಯನ ಮಾಡಿದೆವು." ಪ್ರೋಗ್ರಾಮು ಓಡುವುದಿರಲಿ, ಎದ್ದು ನಿಲ್ಲುವುದೂ ಇಲ್ಲ. ಕರೆದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಮ್ಯಾಮ್, ಕನ್‌ಕ್ಲೂಷನ್ ತೋ ಪೆಹಲೇ ಲಿಖ್ತೇ ಹೈ ನಾ?" ಎಂದ. ಲ್ಯಾಬಿನ ಜರ್ನಲ್ಲಿಗೆ ಎಲ್ಲರೂ ಕೊನೆಯ ಸಾಲನ್ನೇ ಮೊದಲು ಬರೆಯುವುದಂತೆ, ಅದಿಲ್ಲದಿದ್ದರೆ ನೀವು ಸೈನ್ ಹಾಕುತ್ತಿರಲಿಲ್ಲವಂತೆ. "ರಮಾಕಾಂತ ಸರ್ ಕಾ ರೂಲ್ ಥಾ, ಕನ್‌ಕ್ಲೂಷನ್ ನಹೀ ತೋ ಸೈನ್ ನಹೀ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ಇಲ್ಲಿ ಕೂಸು ಹುಟ್ಟದಿದ್ದರೂ ಕುಲಾವಿಗೆ ಅಂಕ ಸಿಗುತ್ತಿತ್ತು. ತರಗತಿಯಲ್ಲಿ ಹೆಚ್ಚು ಕಡಿಮೆ ಎಲ್ಲರ ಫೈಲಿನಲ್ಲೂ ಅದೇ ಸಾಲಿದೆ. ಇವರಿಗೆ ನೀವು ಆಪರೇಟಿಂಗ್ ಸಿಸ್ಟಮ್ ಕಲಿಸಿದಿರೋ, ಮುಗಿಸಿದೆವು ಎಂದು ಹೇಳಿಕೊಳ್ಳುವ ಕಲೆಯನ್ನೋ? ಕೋಪ ಬಂದರೆ ಬರಲಿ, ಕೇಳದೆ ಇರಲಾಗಲಿಲ್ಲ.

ಅಭಿಪ್ರಾಯದ ಬಗ್ಗೆ ಏನು ಯೋಚಿಸಿದಿರಿ?

ಅಶ್ಮಿತಾ


ಡೊಂಬಿವಲಿ
ಆಗಸ್ಟ್ 9, 2025

ಅಶ್ಮಿತಾ ಅವರಿಗೆ,

ಮಯೂರ್ ನನಗೆ ನೆನಪಿದ್ದಾನೆ. ವೈವಾದಲ್ಲಿ ಪ್ರೋಸೆಸ್ಸಿಗೂ ಪ್ರೋಗ್ರಾಮಿಗೂ ವ್ಯತ್ಯಾಸ ಕೇಳಿದರೆ ಕಿಟಕಿ ನೋಡುತ್ತಿದ್ದವನು. ಅಂಥವನನ್ನು ಸಾಕ್ಷಿ ಕಟಕಟೆಗೆ ತಂದು ನಿಲ್ಲಿಸಿದ್ದೀರಿ. ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿತು ಎಂಬ ಗಾದೆಗೆ ಉದಾಹರಣೆ ಬೇಕಿದ್ದರೆ ಅವನು ಸಾಕು, ನನ್ನ ಬೋಧನೆಗೆ ಅಲ್ಲ.

ಕ್ರಮ ಎಂಬುದೊಂದಿದೆ. ಉದ್ದೇಶ, ಸಿದ್ಧಾಂತ, ಪ್ರಯೋಗ, ನಿರ್ಣಯ. ಬರವಣಿಗೆಗೆ ಶಿಸ್ತು ಬಂದರೆ ತಲೆಗೂ ಬರುತ್ತದೆ ಎಂಬುದು ನನ್ನ ನಂಬಿಕೆ. ನಿಮಗೆ ಶಿಸ್ತೆಂದರೆ ಅಲರ್ಜಿ, ಅದು ನಿಮ್ಮ ಪೀಳಿಗೆಯ ಕಾಯಿಲೆ.

ನಿಮ್ಮ ಕೊಂಡಿಯನ್ನು ತೆರೆದು ನೋಡಿದೆ. ಮಕ್ಕಳಾಟ. ಆದರೂ ಒಂದು ವಿಷಯದ ಮೇಲೆ ಅಭಿಪ್ರಾಯ ಬರೆಯುವ ಮೊದಲು ಅದನ್ನು ಪೂರ್ತಿ ನೋಡುವುದು ನನ್ನ ಪದ್ಧತಿ. ಕಾಯಿರಿ.

ರಮಾಕಾಂತ


ವಾಶಿ
ಆಗಸ್ಟ್ 21, 2025

ಸರ್,

ಕಾಯುತ್ತಿದ್ದೇನೆ. ಈ ನಡುವೆ ಹೊತ್ತು ಕಳೆಯಲು ಒಬ್ಬ ವಿದೂಷಕ ಸಿಕ್ಕಿದ್ದಾನೆ.

ಹೆಸರು ಸೃಜನ್, ಊರು ವಿಠ್ಠಲವಾಡಿ ಎಂದು ಹಾಕಿಕೊಂಡಿದ್ದಾನೆ. ನಮ್ಮ ಕಾಲೇಜಿನವನಲ್ಲ. ಎರಡನೆಯ ಅಭ್ಯಾಸವನ್ನು ಹಿಡಿದು ಕೂತಿದ್ದಾನೆ. ಸುಲಭದ ಮಾತಿನಲ್ಲಿ ಹೇಳುವುದಾದರೆ ಅದು ಹೀಗಿದೆ: ಒಂದು ಬುಟ್ಟಿ, ಅದಕ್ಕೆ ಕೆಲವರು ಹಣ್ಣು ಹಾಕುತ್ತಾರೆ, ಕೆಲವರು ತೆಗೆಯುತ್ತಾರೆ. ಬುಟ್ಟಿ ಖಾಲಿಯಿದ್ದರೆ ತೆಗೆಯುವವನು ಮಲಗಬೇಕು, ಹಣ್ಣು ಬಂದಾಗ ಹಾಕಿದವನು ಅವನನ್ನು ಎಬ್ಬಿಸಬೇಕು. ಒಂದೇ ಬುಟ್ಟಿಗೆ ಎಲ್ಲರೂ ಒಟ್ಟಿಗೆ ಕೈ ಹಾಕಿ ರಂಪವಾಗದಂತೆ ಬೀಗ ಹಾಕಿ ತೆಗೆಯಬೇಕು.

ಸೃಜನ್ ಇದರ ಮೇಲೊಂದು ಪ್ರಬಂಧವನ್ನೇ ಬರೆದಿದ್ದಾನೆ. ಉದ್ದೇಶ, ಸಿದ್ಧಾಂತ, ಇತಿಹಾಸ, ಉಪಯೋಗಗಳು. ಎಂಥ ಭಾಷೆ ಅಂತೀರಿ! ಅದರ ಕೆಳಗೆ ಪ್ರೋಗ್ರಾಮು, ಅದರಲ್ಲಿ ಸೆಮಿಕೋಲನ್ ಇಲ್ಲ. ಯಂತ್ರ ವಾಪಸು ಕಳಿಸಿತು. ಮತ್ತೆ ಅದೇ ಪ್ರಬಂಧ, ಈಗ ಸೆಮಿಕೋಲನ್ ಇದೆ, ಆವರಣ ಮುಚ್ಚಿಲ್ಲ. ಮತ್ತೆ ವಾಪಸು. ಪ್ರತಿ ಸಲವೂ ಕೊನೆಯಲ್ಲಿ ತಪ್ಪದೆ, "ಹೀಗೆ ನಾವು ಯಶಸ್ವಿಯಾಗಿ ಅಧ್ಯಯನ ಮಾಡಿದೆವು." ಪುಸ್ತಕದ ಬದನೆಕಾಯಿ ಎಂದು ಅಜ್ಜಿ ಬೈಯುತ್ತಿದ್ದರು, ಅದು ಹೇಗಿರುತ್ತದೆ ಎಂದು ಈಗ ಕಂಡೆ. ಇವನು ಡೆಡ್‌ಲಾಕ್ ಬಗ್ಗೆ ಭಾಷಣ ಮಾಡಬಲ್ಲ, ಬೀಗ ತೆಗೆಯಲಾರ.

ನಿಮ್ಮ ಹಳೆಯ ಶಿಷ್ಯನೇ ಇರಬೇಕು. ಗುರುತಿದೆಯೇ?

ಅಶ್ಮಿತಾ


ಡೊಂಬಿವಲಿ
ಆಗಸ್ಟ್ 24, 2025

ಅಶ್ಮಿತಾ ಅವರಿಗೆ,

ಆ ಹೆಸರಿನ ಶಿಷ್ಯ ನನಗೆ ನೆನಪಿಲ್ಲ. ನೀವು ಹೇಳುವುದು ನಿಜವಾದರೆ ಶತಮೂರ್ಖನೇ ಸರಿ.

ಆದರೆ ಒಂದು ಮಾತು. ಒಂದು ಸೆಮಿಕೋಲನ್ ಇಟ್ಟು ಮನುಷ್ಯನನ್ನು ಅಳೆಯುವುದು ಕ್ಷುದ್ರರ ಕೆಲಸ. ನಿಮ್ಮ ಯಂತ್ರ ಕೊಡುವ ಸಂದೇಶಗಳೂ ಅಷ್ಟೇ ಕ್ಷುದ್ರ. ತಪ್ಪು ಒಂದು ಸಾಲಿನಲ್ಲಿದ್ದರೆ ಅದು ಬೇರೊಂದು ಸಾಲನ್ನು ಬೆಟ್ಟು ಮಾಡುತ್ತದೆ. ಕಲಿಯಲು ಬಂದವನಿಗೆ ದಾರಿ ತೋರಿಸಬೇಕಾದವರು ಹೀಗೆ ಹಲ್ಲು ಕಿರಿದು ನಗುವುದು ಯಾವ ಬೋಧನೆ? ಅವನ ಸಿದ್ಧಾಂತದ ಭಾಗವನ್ನು ಪೂರ್ತಿ ಓದಿದಿರಾ? ಓದಿದ್ದರೆ ಅದರಲ್ಲಿ ಒಂದೂ ತಪ್ಪಿಲ್ಲವೆಂದು ಒಪ್ಪುತ್ತಿದ್ದಿರಿ.

ಇರಬಹುದು ಎಂದು ಊಹಿಸುತ್ತಿದ್ದೇನೆ, ಅಷ್ಟೇ.

ರಮಾಕಾಂತ


ಡೊಂಬಿವಲಿ
ಸೆಪ್ಟೆಂಬರ್ 9, 2025

ಅಶ್ಮಿತಾ ಅವರಿಗೆ,

ನೀವು ಬರೆಯಲಿಲ್ಲ, ಆದ್ದರಿಂದ ನಾನೇ ಬರೆಯಬೇಕಾಯಿತು. ಮನೆಯಲ್ಲೂ ನನ್ನ ಸ್ಥಿತಿ ಚೆನ್ನಾಗಿಲ್ಲ. "ಗಣಪತಿ ಬಂದೂ ಆಯ್ತು, ನೀರಿಗ್ ಹೋಗಿದ್ದೂ ಆಯ್ತು, ನೀವ್ ಮಾತ್ರ ಆ ಲ್ಯಾಪ್‌ಟಾಪ್ ಬಿಟ್ಟು ಏಳ್ಲಿಲ್ಲ" ಎಂದು ರುಕ್ಮಿಣಿ ಬಂದವರ ಎದುರಿಗೇ ಆಡಿದಳು.

ನಿಮ್ಮ ಅಭ್ಯಾಸಗಳ ಪರಿಶೀಲನೆ ಮುಗಿಸಿದ್ದೇನೆ. ಎರಡನೆಯದರಲ್ಲಿ ಯಂತ್ರ ನಡೆಸುವ ಮೂರನೆಯ ಪರೀಕ್ಷೆ ಶುದ್ಧ ಅನ್ಯಾಯ. ಇಬ್ಬರು ಮಲಗಿದ್ದಾರೆ, ಬುಟ್ಟಿಗೆ ಬಿದ್ದದ್ದು ಒಂದೇ ಹಣ್ಣು. ನಿಮ್ಮ ಯಂತ್ರ ಇಬ್ಬರನ್ನೂ ಎಬ್ಬಿಸುತ್ತದೆ. ಮೊದಲನೆಯವನು ಹಣ್ಣು ತೆಗೆದುಕೊಂಡು ಹೋಗುತ್ತಾನೆ, ಎರಡನೆಯವನು ಖಾಲಿ ಬುಟ್ಟಿಗೆ ಕೈ ಹಾಕಿ ಸಾಯುತ್ತಾನೆ. ತಪ್ಪು ಎಬ್ಬಿಸಿದವರದ್ದು, ಫೇಲಾಗುವವನು ಎದ್ದವನು! ಇದು ಪರೀಕ್ಷೆಯಲ್ಲ, ಹೊಂಚು ಹಾಕಿ ಹೊಡೆಯುವುದು. ಇಂಥ ಬೇಟೆಗಾರಿಕೆಯ ಕೈಗೆ ನಾನು ಕಟ್ಟಿದ ಪೇಪರನ್ನು ಕೊಡಲಾರೆ. ವಿರೋಧದ ಅಭಿಪ್ರಾಯದ ಕರಡು ಸಿದ್ಧವಾಗಿದೆ.

ರಮಾಕಾಂತ


ವಾಶಿ
ಸೆಪ್ಟೆಂಬರ್ 11, 2025

ಸರ್,

ಮೂರನೆಯ ಪರೀಕ್ಷೆಯಲ್ಲಿ ಏನಿದೆ ಎಂದು ನಾನು ಪ್ರಸ್ತಾಪದಲ್ಲಿ ಎಲ್ಲೂ ಬರೆದಿಲ್ಲ. ಕೊಂಡಿಯಲ್ಲೂ ಅದು ಕಾಣುವುದಿಲ್ಲ. ಮೊದಲ ಎರಡನ್ನು ದಾಟಿ ಮೂರನೆಯದರಲ್ಲಿ ಬಿದ್ದವರಿಗೆ ಮಾತ್ರ ಯಂತ್ರ ಅದನ್ನು ತೋರಿಸುತ್ತದೆ. ಹಾಗೆ ಬಿದ್ದವರು ನನ್ನ ತರಗತಿಯ ಕೆಲವರು. ಮತ್ತೆ ವಿಠ್ಠಲವಾಡಿಯ ಸೃಜನ್.

ನಿಮಗೆ ಹೇಗೆ ತಿಳಿಯಿತು ಎಂದು ಕೇಳುವುದಿಲ್ಲ. ಬಹುಶಃ ಸೃಜನ್ ನಿಮಗೆ ಪರಿಚಯವಿರಬೇಕು. ಹಾಗಿದ್ದರೆ ಅವನಿಗೆ ಹೇಳಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇನ್ನೊಂದನ್ನೂ ಹೇಳಿ. ಅವನು ಸಂಜೆಯ ಕಲ್ಯಾಣ್ ಲೋಕಲ್ ಹತ್ತಿದ್ದಾನೆಯೇ? ನಮ್ಮ ಲೇಡೀಸ್ ಡಬ್ಬಿಯಲ್ಲಿ ಕೂತವಳನ್ನು ನಿಂತವಳು ಎಲ್ಲಿ ಇಳಿಯುವುದೆಂದು ಕೇಳುತ್ತಾಳೆ, "ಕುಠೇ ಉತರಣಾರ್?" ಅವಳು ಥಾಣೆ ಎಂದಳೆಂದು ಇಟ್ಟುಕೊಳ್ಳಿ. ಅದನ್ನು ಇಬ್ಬರು ಕೇಳಿಸಿಕೊಂಡಿರುತ್ತಾರೆ. ಥಾಣೆ ಬಂತು, ಅವಳೆದ್ದಳು, ಇಬ್ಬರೂ ಸೀಟಿನ ಕಡೆಗೆ ತಿರುಗುತ್ತಾರೆ. ಮೊದಲನೆಯವಳು ಕೂತುಬಿಟ್ಟಳು. ಎರಡನೆಯವಳು, ನನಗೆ ಥಾಣೆ ಎಂದು ಮಾತು ಕೊಟ್ಟಾಗಿದೆ ಎಂದು ಹಿಂದೆ ತಿರುಗಿ ನೋಡದೆ ಕೂತರೆ ಎಲ್ಲಿ ಕೂರುತ್ತಾಳೆ? ಮೊದಲನೆಯವಳ ಮಡಿಲಲ್ಲಿ. ಡಬ್ಬಿಗೆ ಡಬ್ಬಿಯೇ ನಗುತ್ತದೆ. ಎಬ್ಬಿಸಿದವರನ್ನು ಬೈದು ಏನು ಪ್ರಯೋಜನ?

ಸೃಜನ್ ಮಲಗುವ ಮುಂಚೆ ಒಮ್ಮೆ ಬುಟ್ಟಿ ನೋಡುತ್ತಾನೆ. ಎದ್ದ ಮೇಲೆ ನೋಡುವುದಿಲ್ಲ.

ಅಶ್ಮಿತಾ


ಡೊಂಬಿವಲಿ
ಸೆಪ್ಟೆಂಬರ್ 13, 2025

ಅಶ್ಮಿತಾ,

ನಿಮ್ಮ ಪತ್ರದ ಒಳದನಿ ನನಗೆ ತಿಳಿಯದೆ ಇಲ್ಲ. ಬೆದರಿಕೆಯನ್ನು ಉಪದೇಶದಲ್ಲಿ ಸುತ್ತಿ ಕಳಿಸಿದ್ದೀರಿ. ಅಭಿಪ್ರಾಯ ಬರೆದುಕೊಡಿ, ಇಲ್ಲವಾದರೆ ಸೃಜನ್‌ನ ಕಥೆಯನ್ನು ಸ್ಟಾಫ್‌ರೂಮಿನಲ್ಲಿ ಹಂಚುತ್ತೇನೆ, ಅದೇ ತಾನೆ? ಹಂಚಿ. ಚಹಾದ ಜೊತೆ ಅವರಿಗೆಲ್ಲ ಒಳ್ಳೆಯ ತಿಂಡಿಯಾಗುತ್ತದೆ. ನನ್ನ ಬೆನ್ನ ಹಿಂದೆ ಅವರು ನಕ್ಕಿದ್ದು ಇದೇ ಮೊದಲೇನಲ್ಲ.

ಹೆಂಗಸರ ಡಬ್ಬಿಯ ಜಗಳ ವಿಶ್ವವಿದ್ಯಾಲಯದ ಮಟ್ಟದ ಉದಾಹರಣೆಯಲ್ಲ.

ಪ್ರಸ್ತಾಪವನ್ನು ತಿರಸ್ಕರಿಸಬೇಕೆಂಬ ನನ್ನ ಅಭಿಪ್ರಾಯವನ್ನು ಇಂದು ಬೆಳಿಗ್ಗೆ ಸೋನಾಲಿ ಅವರಿಗೆ ಕಳಿಸಿದ್ದೇನೆ. ಇನ್ನು ಬರೆಯಬೇಡಿ.

ರಮಾಕಾಂತ


ವಾಶಿ
ಸೆಪ್ಟೆಂಬರ್ 15, 2025

ಸರ್,

ಬರೆಯಬೇಡಿ ಎಂದರೂ ಬರೆಯುತ್ತಿದ್ದೇನೆ. ನಿಮ್ಮ ಕಾಗದವನ್ನು ಮೇಡಮ್ ನನಗೆ ತೋರಿಸಿದರು. "ತುಮ್ಹಾರೇ ಕನ್ನಡವಾಲೇ ನೇ ಹೀ ಕಾಟ್ ದಿಯಾ" ಎಂದು, ನನ್ನ ಭಾಷೆಯವರೇ ಕತ್ತರಿ ಹಾಕಿದ್ದಕ್ಕೆ ನಕ್ಕರು. ಅಳು ಬಂತು, ಅವರ ಎದುರು ಅಳಲಿಲ್ಲ. ಹಾರ್ಬರ್ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅತ್ತೆ. ನನ್ನ ಕೆಲಸ ಹೋಯಿತೆಂದು ಅತ್ತದ್ದೋ ಬೆದರಿಕೆ ಎಂದಿರಲ್ಲ ಅದಕ್ಕೋ ಗೊತ್ತಿಲ್ಲ.

ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ತಿರಸ್ಕಾರವೂ ಇದೆ. ತಲೆತಲಾಂತರಕ್ಕೆ ಆ ಒಂದು ಸುಳ್ಳು ಸಾಲನ್ನು ಬರೆಯಲು ಕಲಿಸಿದಿರಿ. ಪಾಸಾದವರೆಲ್ಲ ಅದನ್ನು ಹಿಡಿದುಕೊಂಡೇ ಕೆಲಸಕ್ಕೆ ಹೋದರು. ಆದರೆ ಸೃಜನ್ ಮೇಲೆ ನನಗೆ ತಿರಸ್ಕಾರವಿಲ್ಲ. ಇತ್ತು, ಈಗ ಇಲ್ಲ. ನನ್ನ ತರಗತಿಯಲ್ಲಿ ಫೇಲ್ ಎಂದು ಬಂದ ಕೂಡಲೇ ಎಲ್ಲರೂ ಪಾಸಾದ ಗೆಳೆಯನ ಫೈಲನ್ನು ನಕಲು ಮಾಡಿ ಸಲ್ಲಿಸುತ್ತಾರೆ. ಹೆಸರನ್ನೂ ಬದಲಿಸುವುದಿಲ್ಲ ಕತ್ತೆಗಳು. ಪ್ರತಿ ಸಲವೂ ತನ್ನದೇ ತಪ್ಪನ್ನು ಹೊತ್ತು ತರುವವನು ಅವನೊಬ್ಬನೇ. ಅವನ ಸಿದ್ಧಾಂತದ ಭಾಗವನ್ನು ಪೂರ್ತಿ ಓದಿದೆ. ಒಂದೂ ತಪ್ಪಿಲ್ಲ.

ಸಭೆಗೆ ಇನ್ನೂ ದಿನಗಳಿವೆ ಎಂದು ನೆನಪಿಸಲು ಇದನ್ನು ಬರೆಯುತ್ತಿಲ್ಲ. ನನ್ನ ಪಾಲಿಗೆ ಅದು ಮುಗಿಯಿತು. ಕೊಂಡಿಯನ್ನು ಮಾತ್ರ ಮುಚ್ಚುವುದಿಲ್ಲ. ಸೃಜನ್ ಬಂದರೆ ಬರಲಿ.

ಅಶ್ಮಿತಾ


ಡೊಂಬಿವಲಿ
ಅಕ್ಟೋಬರ್ 7, 2025

ಅಶ್ಮಿತಾ ಅವರಿಗೆ,

ಸೋನಾಲಿ ಅವರಿಗೆ ಕಳಿಸಿದ ಕಾಗದವನ್ನು ಹಿಂತೆಗೆದುಕೊಂಡು ಇನ್ನೊಂದನ್ನು ಕಳಿಸಿದ್ದೇನೆ. ಅವರು ಫೋನು ಮಾಡಿ, "ಸರ್, ಆರ್ ಯೂ ಶೂರ್? ತಬಿಯತ್ ಠೀಕ್ ಹೈ ನಾ?" ಎಂದರು. ನಾನು ಒಂದು ಕಾಗದವನ್ನು ಬದಲಿಸಿದರೆ ಜನ ನನ್ನ ಆರೋಗ್ಯ ವಿಚಾರಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಅವರಿಗೆ ಕಳಿಸಿದ್ದು ಇಂಗ್ಲಿಷಿನಲ್ಲಿದೆ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ:

"ಪ್ರಸ್ತಾಪ ತಂದವರಿಗೆ ವಿನಯವಿಲ್ಲ. ಅವರ ಯಂತ್ರದ ಸಂದೇಶಗಳು ಅಸಹ್ಯ. ಅವರ ಉದಾಹರಣೆಗಳು ಲೋಕಲ್ ರೈಲಿನವು. ಆದರೆ ಈ ಪರೀಕ್ಷೆಯಲ್ಲಿ ಫೇಲಾಗುವುದು ಸುಲಭ, ಫೇಲಾದದ್ದನ್ನು ಬಚ್ಚಿಡುವುದು ಕಷ್ಟ. ನಾನು ನಡೆಸಿಕೊಂಡು ಬಂದ ಪರೀಕ್ಷೆಯಲ್ಲಿ ಅದು ತಿರುವುಮುರುವಾಗಿತ್ತು. ಆದ್ದರಿಂದ ಸಮಿತಿ ಇದನ್ನು ಒಪ್ಪಬೇಕು."

ಧನ್ಯವಾದ ಹೇಳಿ ಬರೆಯಬೇಡಿ, ಓದುವುದಿಲ್ಲ.

ಒಂದು ಕೋರಿಕೆಯಿದೆ. ಎರಡನೆಯ ಅಭ್ಯಾಸದ ಗಡುವು ನಾಳೆಗೆ ಮುಗಿಯುತ್ತದೆ ಎಂದು ಯಂತ್ರ ಹೇಳುತ್ತಿದೆ. ಸೃಜನ್‌ಗೆ ಅದನ್ನು ವಿಸ್ತರಿಸಿ. ವಯಸ್ಸಾದ ವಿದ್ಯಾರ್ಥಿಗಳಿಗೆ ಎರಡು ಕನ್ನಡಕ ಬದಲಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ.

ರಮಾಕಾಂತ


ವಾಶಿ
ಅಕ್ಟೋಬರ್ 17, 2025

ಸರ್,

ಧನ್ಯವಾದ ಹೇಳುವುದಿಲ್ಲ. ಸಮಾಚಾರ ಮಾತ್ರ ತಿಳಿಸುತ್ತೇನೆ.

ಸಮಿತಿ ಒಂದು ವರ್ಷದ ಮಟ್ಟಿಗೆ ಒಪ್ಪಿದೆ, ನನ್ನ ಕರಾರೂ ಅಷ್ಟಕ್ಕೇ. ಇದರಲ್ಲೂ ಒಂದು ತಮಾಷೆಯಿದೆ. ಎಲ್ಲ ಮುಗಿದು ಸಮೋಸ ಬಂದ ಮೇಲೆ ಮೇಡಮ್ ಜರ್ನಲ್ಲಿಗೆ ಹಳೆಯ ಕ್ರಮವೇ ಇರಲೆಂದು ಒಂದು ಷರತ್ತು ಸೇರಿಸಿದರು: "ಸಬ್ ಠೀಕ್ ಹೈ, ಲೇಕಿನ್ ಜರ್ನಲ್ ಕಾ ಫಾರ್ಮ್ಯಾಟ್ ವಹೀ ರಹೇಗಾ. ಏಮ್, ಥಿಯರಿ, ಕನ್‌ಕ್ಲೂಷನ್." ಎಲ್ಲರೂ ಸಮೋಸ ಅಗಿಯುತ್ತ ತಲೆಯಾಡಿಸಿದರು. ನೀವು ಇರಬೇಕಿತ್ತು. ಅವರ ಮುಖ ನೋಡಿ ಬೈಯಲು ನನಗೆ ಜೊತೆ ಇರಲಿಲ್ಲ. ಮಯೂರ್ ವಿಷಯ ತಿಳಿದು ಖುಷಿಪಟ್ಟ. ಈ ಸಲದ ಕನ್‌ಕ್ಲೂಷನ್‌ಗಳನ್ನು ಈಗಾಗಲೇ ಬರೆದಿಟ್ಟಿದ್ದಾನಂತೆ.

ಸೃಜನ್‌ನ ಫೈಲು ನಿನ್ನೆ ಬಂತು. ಗಡುವು ದಾಟಿದ ಮೇಲೆ ಬಂತು, ನಾನು ತೆರೆದಿಟ್ಟಿದ್ದೆ. ಪ್ರೋಗ್ರಾಮು ಕೊಳಕಾಗಿದೆ. ಬೇಡದ ಕಡೆಯೆಲ್ಲ ಬೀಗ ಹಾಕಿದ್ದಾನೆ, ಹೆಸರುಗಳನ್ನು ಹತ್ತು ಮೈಲಿ ಉದ್ದ ಇಟ್ಟಿದ್ದಾನೆ. ಆದರೆ ಅವನ ಎರಡನೆಯವನು ಎದ್ದ, ಬುಟ್ಟಿಯನ್ನು ಮತ್ತೊಮ್ಮೆ ನೋಡಿದ, ಖಾಲಿ ಎಂದು ಕಂಡು ಸುಮ್ಮನೆ ಹೋಗಿ ಮತ್ತೆ ಮಲಗಿದ. ಮೂರನೆಯ ಪರೀಕ್ಷೆ ಪಾಸು. ನಾಲ್ಕನೆಯದರಲ್ಲಿ ಬಿದ್ದಿದ್ದಾನೆ, ಅದರಲ್ಲಿ ಏನಿದೆ ಎಂದು ಈಗ ಅವನಿಗೆ ಗೊತ್ತಿರುತ್ತದೆ.

ಅಭ್ಯಾಸದಂತೆ ಫೈಲಿನ ಕೊನೆಗೆ ಹೋದೆ. "ಕನ್‌ಕ್ಲೂಷನ್:" ಎಂದು ಬರೆದಿದ್ದಾನೆ, ಅದರ ಮುಂದೆ ಏನೂ ಇಲ್ಲ. ಮರೆತದ್ದಿರಬಹುದೆಂದು ಹಿಂದಿನ ಫೈಲುಗಳನ್ನೆಲ್ಲ ತೆರೆದು ನೋಡಿದೆ. ಇಷ್ಟು ದಿನ ಒಮ್ಮೆಯೂ ಅವನು ಅದನ್ನು ಖಾಲಿ ಬಿಟ್ಟಿರಲಿಲ್ಲ.

ಫೈಲನ್ನು ಪ್ರಿಂಟ್ ತೆಗೆದು ಆ ಖಾಲಿ ಜಾಗದ ಕೆಳಗೆ ಸೈನ್ ಮಾಡಿದ್ದೇನೆ.

ಅಶ್ಮಿತಾ